ಮೂರು ಸೆಕೆಂಡಿನ ಕುಟ್ಟಾಣಿ

ನಾನು ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಕಲಿತವಳು. ಅರ್ಧಂಬರ್ಧ ಕಲಿತೆನೇನೋ ಎಂಬ ಅಳುಕು ಇಂದಿಗೂ ಇದೆ. ಆದರೆ ಇದನ್ನು ಮಾತ್ರ ನಾನು ತಪ್ಪಾಗಿ ಕೇಳಿಸಿಕೊಂಡಿಲ್ಲ.

ರಿಪ್ಪನ್‌ಪೇಟೆಯ ನಮ್ಮ ಝೆರಾಕ್ಸ್ ಅಂಗಡಿಗೆ ಒಂದು ಮಧ್ಯಾಹ್ನ ಶ್ಯಾಮಲಕ್ಕ ಫೋನ್ ಹಿಡಿದು ಬಂದರು. ಅದರಲ್ಲಿ ಅವರ ತೀರಿಹೋದ ತಾಯಿ ಕೆರಿಯಮ್ಮ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುವ ಫೋಟೋ ಇತ್ತು. ಒತ್ತಿ ಹಿಡಿದರೆ ಮೂರು ಸೆಕೆಂಡು ಅಲುಗಾಡಿ, ಟಕ್ ಟಕ್ ಎಂದು ಸದ್ದೂ ಮಾಡುವಂಥದ್ದು. ಆ ಬಗೆಯ ಫೈಲ್ ನಮ್ಮಲ್ಲಿ ಪ್ರಿಂಟ್ ಆಗುವುದಿಲ್ಲ. ಆನ್‌ಲೈನಿನಲ್ಲಿ ಅದನ್ನು ಅಲುಗದ ಸಾದಾ ಚಿತ್ರ, ಜೆಪಿಜಿ, ಮಾಡಿದೆ. ಫೋನಿನಲ್ಲಿ ಜಾಗ ಉಳಿಯಲೆಂದು, ಎಲ್ಲರಿಗೂ ಮಾಡುವಂತೆ, ಮೂಲವನ್ನು ಪೂರ್ತಿ ಅಳಿಸಿಬಿಟ್ಟೆ.

ಶ್ಯಾಮಲಕ್ಕ ಫೋನಿನಲ್ಲಿ ಫೋಟೋವನ್ನು ಒತ್ತಿ ಹಿಡಿದು ನೋಡಿದರು. “ಸದ್ದು ಎಲ್ಲಿ ಹೋಯ್ತೆ ಭವ್ಯಾ?”

“ಜೆಪಿಜಿಗೆ ಸದ್ದು ಇರಲ್ಲ ಅಕ್ಕ. ಫೋಟೋ ಇದ್ಯಲ್ಲ.”

“ಫೋಟೋ ಗೋಡೆಗೆ ಕಣೆ. ದಿನಾ ಊಟ ಆದ್ಮೇಲೆ ನಾನು ಕೇಳ್ತಿದ್ದಿದ್ದು ಆ ಸದ್ದನ್ನ. ಅಮ್ಮಂದು ಅಂತ ಉಳಿದಿದ್ದೇ ಅಷ್ಟು.”

ಏನೂ ತೋಚದೆ ಆ ಜೆಪಿಜಿಯನ್ನೇ ಮತ್ತೆ ತೆರೆದೆ. ಸುಣ್ಣ, ಹೊಗೆಸೊಪ್ಪಿನ ವಾಸನೆ ಬಂತು. ಆಮೇಲೆ ಟಕ್, ಟಕ್. ನಮ್ಮ ಕಂಪ್ಯೂಟರಿಗೆ ಸ್ಪೀಕರ್ ಇಲ್ಲ. ಮೂರು ಸೆಕೆಂಡಿಗೆ ಅದು ನಿಲ್ಲಲೂ ಇಲ್ಲ. ಅವಸರವಿಲ್ಲದೆ, ಅಡಿಕೆ ಹದವಾಗುವವರೆಗೂ ನಡೆಯಿತು. ನನ್ನ ಅಜ್ಜಿಯ ಮಧ್ಯಾಹ್ನಗಳು ನೆನಪಾಗಿ ಹೆದರಿಕೆಯೇ ಮರೆತುಹೋಯಿತು.

ಶ್ಯಾಮಲಕ್ಕ ಚಿಕ್ಕ ಹುಡುಗಿಯ ಹಾಗೆ ಪರದೆಯತ್ತ ಅಂಗೈ ಚಾಚಿದರು.

“ಮೊದಲ್ನೇ ಚಿಟಿಕೆ ಯಾವಾಗ್ಲೂ ನಂಗೇ” ಎಂದರು.

ಪ್ರಿಂಟ್ ತೆಗೆದುಕೊಂಡು ಬಸ್ಸಿಗೆ ಹೊರಟಾಗ ಅವರು ಏನನ್ನೋ ಜಗಿಯುತ್ತಿದ್ದರು. ತುಟಿ ಕೆಂಪಗಾಗಿತ್ತು.