ಮುಳ್ಳು ತೋರಿಸಿದ ಸುಳ್ಳು

"ನಿಮ್ಮ ಬಿಪಿ ಮೀಟರ್ ಸುಳ್ಳು ಹೇಳ್ತಿದೆ, ಸಿಸ್ಟರ್."

ಅವನು ಅವಳೊಂದಿಗೆ ಆಡಿದ ಮೊದಲ ಮಾತೇ ಅದು. ಬೆಂಚಿನ ಮೇಲಿದ್ದ ಬಸುರಿಯರೆಲ್ಲ ಕೇಳಿಸಿಕೊಂಡರು. ಆ ಚಿಕ್ಕ ಆಸ್ಪತ್ರೆಗೆ ಇದ್ದ ಒಬ್ಬಳೇ ನರ್ಸ್ ಅವಳು. ಮುಖ ಕೆಂಪಾಯಿತು.

"ಯಾರ್ರೀ ನೀವು?"

"ಮೀಟರ್ ರಿಪೇರಿಯವನು, ಜಿಲ್ಲಾ ಆಫೀಸಿಂದ ಬಂದಿದೀನಿ. ಇಲ್ನೋಡಿ."

ಒಂದೇ ತೋಳುಪಟ್ಟಿಗೆ ಅವಳ ಮೀಟರನ್ನೂ ತಾನು ತಂದಿದ್ದ ಮೀಟರನ್ನೂ ಜೋಡಿಸಿ ಗಾಳಿ ತುಂಬಿದ. ಅವನದರ ಮುಳ್ಳು ನೂರೈವತ್ತಕ್ಕೆ ನಿಂತಿತು. ಅವಳದು ನೂರಿಪ್ಪತ್ತೈದಕ್ಕೆ.



ಆ ಮೀಟರ್ ಕೆಳಗೆ ಬಿದ್ದು ವರ್ಷವಾಗಿತ್ತು. ಕೆಟ್ಟಿದೆಯೆಂದು ಮೂರು ಸಲ ಬರೆದುಕೊಟ್ಟಿದ್ದಳು. "ಇರೋದ್ರಲ್ಲೇ ನಿಭಾಯಿಸಮ್ಮ" ಎಂದಿದ್ದರು ಡಾಕ್ಟರು. ಮನೆಯಲ್ಲಿ ಅಣ್ಣ ಹೇಳಿದ್ದೇ ಮಾತು, ಇಲ್ಲಿ ಡಾಕ್ಟರು ಹೇಳಿದ್ದೇ ಮಾತು. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ, ಸುಮ್ಮನಿದ್ದರೆ ಯಾರ ಜೀವ ಹೋಗುತ್ತದೋ... ಅತ್ತ ದರಿ, ಇತ್ತ ಪುಲಿ.

ಸ್ವಲ್ಪ ಹೊತ್ತಿಗೆ ಡಾಕ್ಟರ ಕೋಣೆಯಿಂದ ಅವನ ದನಿ ಕೇಳಿತು. "ರಿಪೋರ್ಟಲ್ಲಿ ಸಿಸ್ಟರ್ ಹೆಸರು ಬರೀಲೇಬೇಕು ಸಾರ್."

'ಮುಗೀತು. ತಪ್ಪೆಲ್ಲ ನನ್ನ ತಲೆಗೇ ಕಟ್ತಾನೆ...'

ಆಗ ಅತ್ತಿಗೆ ನೆನಪಾದಳು. ತುಂಬು ಬಸುರಿ. ಬೆಳಿಗ್ಗೆ ತಲೆನೋವೆಂದು ಬಂದಿದ್ದಳು. ಇದೇ ಮೀಟರಲ್ಲಿ ನೋಡಿ "ಬಿಪಿ ಸರಿಯಿದೆ, ಹೋಗಿ ಮಲಗಿ ಅತ್ತಿಗೆ" ಎಂದು ಕಳಿಸಿದ್ದಳು.

ಮನಸ್ಸಿಲ್ಲದಿದ್ದರೂ ಅವನನ್ನೇ ಕೇಳಬೇಕಾಯಿತು. "ನಿಮ್ಮ ಮೀಟರ್ ತಗೊಂಡು ಮನೆಗೆ ಬನ್ನಿ. ಈಗ್ಲೇ."

ಅತ್ತಿಗೆಯನ್ನು ಒರಗಿಸಿ ಕೂರಿಸಿ, ಐದು ನಿಮಿಷ ಸುಮ್ಮನಿರಿಸಿ ನೋಡಿದಳು. ಮೇಲಿನದು ನೂರರವತ್ತು, ಕೆಳಗಿನದು ನೂರಹತ್ತು. ಮತ್ತೆ ನೋಡಿದಳು. ಅಷ್ಟೇ ಇತ್ತು.

"ದೊಡ್ಡಾಸ್ಪತ್ರೆಗೆ ಹೊರಡ್ಬೇಕು."

"ಬೆಳಿಗ್ಗೆ ಸರಿಯಿದೆ ಅಂದ್ಯಲ್ಲೇ?" ಅಣ್ಣ ಗದರಿದ.

"ತಪ್ಪು ಹೇಳಿದ್ದೆ. ಗಾಡಿ ತರ್ಸಣ್ಣ, ಮಾತು ಆಮೇಲೆ."

ಅಣ್ಣನೆದುರು ಅವಳು ದನಿಯೆತ್ತಿದ್ದು ಅದೇ ಮೊದಲು.

ತಾಯಿ, ಮಗು ಇಬ್ಬರೂ ಉಳಿದರು.

ರಿಪೇರಿಯವನು ಎರಡು ವಾರ ಊರಲ್ಲೇ ಇದ್ದ. ಹಿಂದೆ ಬಿಪಿ ನೋಡಿದ್ದವರನ್ನೆಲ್ಲ ಮತ್ತೆ ಕರೆಸಿ ಇಬ್ಬರೂ ಪರೀಕ್ಷಿಸಿದರು. ಅವಳು ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಆದರೆ ಹೆದರಿದವರೆದುರು ಅವನು ಮೊದಲು ತನ್ನ ತೋಳಿಗೇ ಪಟ್ಟಿ ಸುತ್ತಿಕೊಂಡು ನಗಿಸುವಾಗ ಕದ್ದು ನೋಡುತ್ತಿದ್ದಳು.

'ಬೇಡ... ನನ್ನ ಕೆಲಸ ಕಳೆಯೋನು ಇವನು.'

ಕೊನೆಯ ದಿನ ತಡೆಯಲಾಗಲಿಲ್ಲ.

"ನನ್ನ ಹೆಸರು ಯಾಕೆ ಬರೆದ್ರಿ?"

ಅವನು ರಿಪೋರ್ಟಿನ ಪ್ರತಿ ಚಾಚಿದ. 'ಮೀಟರ್ ಕೆಟ್ಟಿದೆಯೆಂದು ನರ್ಸ್ ಮೂರು ಬಾರಿ ಬರೆದುಕೊಟ್ಟಿದ್ದಾರೆ. ಯಾರೂ ಗಮನ ಕೊಟ್ಟಿಲ್ಲ.'

"ಹೆಸರು ತೆಗಿ ಅಂದ್ರು ಡಾಕ್ಟರು. ಆಗಲ್ಲ ಅಂದೆ."

ಅಕ್ಷರಗಳು ಮಂಜಾದವು. "ಒಂದು ಮಾತು ಹೇಳೋಕಾಗ್ತಿರ್ಲಿಲ್ವಾ?"

"ಮಾತಾಡೋಕೆ ಬಿಟ್ರೆ ತಾನೇ..."

ಅವಳು ಅಳುತ್ತಲೇ ನಕ್ಕಳು.

"ಮುಂದಿನ ತಿಂಗಳು ಬರ್ಲಾ?" ಅವನು ಮೆಲ್ಲಗೆ ಕೇಳಿದ.

"ಮೀಟರ್ ನೋಡೋಕಾ?"

"ನಿಮ್ಮನ್ನ ಮದ್ವೆಗೆ ಕೇಳೋಕೆ. ನಿಮ್ಮಣ್ಣ ಒಪ್ಪದಿದ್ರೆ...?"

ಅವಳು ಕಣ್ಣೊರೆಸಿಕೊಂಡಳು.

"ಅಣ್ಣನ್ನ ಆಮೇಲೆ ಒಪ್ಪಿಸೋಣ. ನಾನು ಒಪ್ಪಿದೀನಿ."