ಅತ್ತೆ ಮರೆತ ಸೀಟು

ಡ್ರೈವಿಂಗ್ ಸ್ಕೂಲಿನ ಮುಂದೆ ಅದರ ಕಾರಿನ ಹಿಂಭಾಗ ನಜ್ಜುಗುಜ್ಜಾಗಿತ್ತು. ಅದಕ್ಕೆ ಬೆನ್ನು ಹಚ್ಚಿ ಒಂದು ವ್ಯಾನು. ಅದರ ಹಿಂದಿನ ಬಂಪರೂ ಸೊಟ್ಟ. ಗುದ್ದಿದ್ದು ಯಾರು? ಅದನ್ನು ಬರೆದು ಕೊಡಬೇಕಾದವನು ನಾನು, ಕಾರಿನ ವಿಮಾ ಕಂಪನಿಯ ಸರ್ವೇಯರ್.

ವ್ಯಾನಿನವನು ಆಗಲೇ ಪೊಲೀಸರಿಗೆ ಹೇಳಿಕೆ ಬರೆದು ಸಹಿ ಹಾಕಿದ್ದ: "ಮೇಡಂ ಒಬ್ಬರೇ ಕಾರಿನಲ್ಲಿದ್ದರು. ಫೋನ್ ನೋಡುತ್ತಾ ರಿವರ್ಸ್ ತೆಗೆದು, ನಿಂತಿದ್ದ ನನ್ನ ವ್ಯಾನಿಗೆ ಗುದ್ದಿದರು. ಕಣ್ಣಾರೆ ಕಂಡೆ. ಪೊಲೀಸರು ಬರುವವರೆಗೂ ಯಾರನ್ನೂ ಕಾರು ಮುಟ್ಟಲು ಬಿಡಲಿಲ್ಲ."

ಸ್ಕೂಲು ನಡೆಸುವ ಮೇಡಂ ಆರಡಿ ಎತ್ತರ. ಶಿಷ್ಯರಿಗೆಲ್ಲ ಅವರು ಏಣಿ ಮೇಡಂ.

"ನಾನು ಸ್ಕೂಲಿನೊಳಗಿದ್ದೆ ಸಾರ್. ತಪ್ಪು ನಂದೇ ಅಂತಾದ್ರೆ ಸ್ಕೂಲಿನ ಲೈಸೆನ್ಸ್ ರದ್ದಾಗುತ್ತೆ. ಹದಿನಾರು ವರ್ಷ ಕಟ್ಟಿದ್ದು ಮಣ್ಣುಪಾಲು."

"ಸಾಕ್ಷಿ?"

"ನಮ್ಮ ಸೋದರತ್ತೆ. ಈಗ ಡ್ರೈವಿಂಗ್ ಕಲೀತಿದ್ದಾರೆ. ಸ್ವಂತದವರ ಮಾತು ಯಾರು ನಂಬ್ತಾರೆ?"

ಅತ್ತೆಗೆ ನಾಲ್ಕೂವರೆ ಅಡಿ, ವಯಸ್ಸು ಅರವತ್ತೆಂಟು. "ಪಾಠ ಮುಗಿಸಿ ಕಾರು ನಿಲ್ಲಿಸಿದ್ದು ನಾನೇ ಕಣಪ್ಪಾ! ಆಮೇಲೆ ಇಬ್ರೂ ಒಳಗೇ ಇದ್ವಿ."

ನನಗೆ ಅನುಮಾನ ಹುಟ್ಟಿತು. ಮುದುಕಮ್ಮ ಹ್ಯಾಂಡ್‌ಬ್ರೇಕ್ ಮರೆತು, ಕಾರು ತಾನಾಗಿ ಉರುಳಿತೇ?

*

ಕಾರಿಗೆ ಬೀಗ ಹಾಕಿ ಕೀ ಇಟ್ಟುಕೊಂಡಿದ್ದ ಪೇದೆಯೇ ಬಾಗಿಲು ತೆರೆದ. ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದಿತ್ತು. ನನ್ನ ಊಹೆ ಠುಸ್ಸೆಂದಿತು. ಆದರೆ ಡ್ರೈವರ್ ಸೀಟು ಕಂಡು ನಿಂತಲ್ಲೇ ನಿಂತೆ. ಯಾವ ಕಾರಣಕ್ಕೂ ಇದನ್ನು ಬಿಡಬಾರದು ಅನ್ನಿಸಿತು.

"ಎಲ್ಲರನ್ನೂ ಕರೀರಿ" ಎಂದೆ.

*

"ಮೇಡಂ, ಡ್ರೈವರ್ ಸೀಟಲ್ಲಿ ಕೂತ್ಕೊಳ್ಳಿ. ಏನನ್ನೂ ಸರಿಸಬೇಡಿ."

ಕೂರಲು ಆಗಲೇ ಇಲ್ಲ. ಮೊಣಕಾಲು ಸ್ಟೀರಿಂಗಿಗೆ ಸಿಕ್ಕಿತು, ತಲೆ ಛಾವಣಿಗೆ ಬಡಿಯಿತು. ಸೀಟು ಪೂರ್ತಿ ಮುಂದಕ್ಕೆ ಎಳೆದಿತ್ತು. ಅದರ ಮೇಲೆ ಎರಡು ದಪ್ಪ ದಿಂಬು.

"ಅಯ್ಯೋ, ನನ್ನ ದಿಂಬು!" ಎಂದರು ಅತ್ತೆ. "ಪಾಠ ಮುಗಿದ ಮೇಲೆ ಸೀಟು ಹಿಂದಕ್ಕೆ ತಳ್ಳಿ ಅಂತ ಇವಳು ದಿನಾ ಬೈತಾಳೆ. ಮರೆತೇಬಿಡ್ತೀನಿ."

ವ್ಯಾನಿನವನು ತಕ್ಷಣ ಮಾತು ಬದಲಿಸಿದ. "ಹಾಗಾದ್ರೆ ಓಡಿಸಿದ್ದು ಈ ಅಮ್ಮನೇ ಇರಬೇಕು."

"ಕಣ್ಣಾರೆ ಕಂಡೋರು ನೀವಲ್ವಾ? ಏಣಿಗೂ ಮಣೆಗೂ ವ್ಯತ್ಯಾಸ ಗೊತ್ತಾಗ್ಲಿಲ್ವಾ?" ಎಂದೆ.

"ಯಾರಪ್ಪಾ ಮಣೆ?" ಅತ್ತೆ ಗದರಿದರು.

ನಾನು ಪಟ್ಟು ಸಡಿಲಿಸಲಿಲ್ಲ. "ಯಾರೂ ಕಾರು ಮುಟ್ಟಲಿಲ್ಲ ಅಂತ ನೀವೇ ಬರ್ಕೊಟ್ಟಿದ್ದೀರಿ. ಅಂದ್ರೆ ಗುದ್ದಿದಾಗಲೂ ಸೀಟು ಹೀಗೇ ಇತ್ತು. ಮೇಡಂ ಓಡಿಸೋಕೆ ಸಾಧ್ಯವೇ ಇಲ್ಲ. ಬೇರೆ ಯಾರೂ ಇರ್ಲಿಲ್ಲ ಅಂತ ಬರೆದಿದ್ದೂ ನೀವೇ, ಹ್ಯಾಂಡ್‌ಬ್ರೇಕೂ ಎಳೆದೇ ಇದೆ. ನಿಂತ ಕಾರಿಗೆ ರಿವರ್ಸಲ್ಲಿ ಬಂದು ಗುದ್ದಿದ್ದು ನೀವು. ವ್ಯಾನಿನ ವಿಮಾ ಪತ್ರ ತೋರಿಸಿ."

ಅವನು ತಲೆ ತಗ್ಗಿಸಿದ. "ಅವಧಿ ಮುಗಿದು ಎರಡು ತಿಂಗಳಾಯ್ತು ಸಾರ್."

ಗುಟ್ಟೆಲ್ಲ ಅಲ್ಲಿತ್ತು. ವಿಮೆ ಇದ್ದಿದ್ದರೆ ಕಾರಿನ ನಷ್ಟವನ್ನು ಅವನ ಕಂಪನಿ ತುಂಬುತ್ತಿತ್ತು. ಇಲ್ಲದ್ದರಿಂದ ಅವನೇ ತೆರಬೇಕು. ವಿಮೆಯಿಲ್ಲದೆ ವ್ಯಾನು ಓಡಿಸಿದ್ದಕ್ಕೆ ಬೇರೆ ಕೇಸು. ಅದಕ್ಕೇ ತಪ್ಪನ್ನು ಮೇಡಂ ತಲೆಗೆ ಕಟ್ಟಿದ್ದ. ಪೇದೆ ಅವನ ಹೆಗಲ ಮೇಲೆ ಕೈಯಿಟ್ಟ.

ನಾನು ವರದಿ ಬರೆದೆ: ಕಾರು ನಿಂತಿತ್ತು, ತಪ್ಪು ಪೂರ್ತಿ ವ್ಯಾನಿನವನದು. ಓದಿದ ಮೇಡಂ ಕಣ್ಣೊರೆಸಿಕೊಂಡು ಅತ್ತೆಯನ್ನು ತಬ್ಬಿಕೊಂಡರು.

"ಅತ್ತೆ, ಇನ್ಮೇಲೆ ಸೀಟು ಹಿಂದಕ್ಕೆ ತಳ್ಳಿ ಅಂತ ನಾನು ಹೇಳಿದ್ರೂ ಕೇಳ್ಬೇಡಿ!"