ಚುಕ್ಕಿ ತಿಂದ ಮಾತ್ರೆ

"ಅಜ್ಜೀ! ಆ ಬಾಳೆಹಣ್ಣೊಳಗೆ ಏನದು?"

ಮುತ್ತಮ್ಮಜ್ಜಿ ಬೆಚ್ಚಿಬಿದ್ದಳು. ಮೊಮ್ಮಗಳು ಸಂಘಮಿತ್ರ ಸ್ಕೂಲಿಗೆ ಹೋದಳು ಅಂದುಕೊಂಡರೆ, ಮರೆತ ಟಿಫನ್ ಬಾಕ್ಸಿಗಾಗಿ ವಾಪಸ್ ಬಂದು ಕೊಟ್ಟಿಗೆ ಬಾಗಿಲಲ್ಲೇ ನಿಂತಿದ್ದಾಳೆ!

"ಏನಿಲ್ಲ ಕಣವ್ವ. ಬರೀ ಹಣ್ಣು."

ಹಣ್ಣಿನಿಂದ ಬಿಳಿ ಮಾತ್ರೆ ಇಣುಕುತ್ತಿತ್ತು. ಚುಕ್ಕಿ ಹಸು ಉದ್ದಕ್ಕೆ ನಾಲಿಗೆ ಚಾಚಿ ಎರಡನ್ನೂ ಗುಳುಂ ಮಾಡಿತು.

ಮಿತ್ರಳಿಗೆ ಅಳುವೇ ಬಂತು. ಯುಗಾದಿಗೆ ಮುಂಚೆ ಅಜ್ಜಿ ಇದೇ ಕೊಟ್ಟಿಗೆಯಲ್ಲಿ ಜಾರಿ ಕುಸಿದು ಕೂತದ್ದಕ್ಕೇ ಮುಂಗೈ ಮೂಳೆ ಮುರಿದಿತ್ತು. "ವಯಸ್ಸಾಗಿ ಮೂಳೆ ಸವೆದಿದೆ. ಕ್ಯಾಲ್ಸಿಯಂ ಮಾತ್ರೆ, ಹಾಲು, ಬಿಸಿಲು, ನಡಿಗೆ ಯಾವುದೂ ತಪ್ಪಬಾರದು. ಇನ್ನೊಂದ್ಸಲ ಬಿದ್ದು ಸೊಂಟ ಮುರಿದ್ರೆ ಹಾಸಿಗೇನೇ ಗತಿ" ಎಂದಿದ್ದರು ಡಾಕ್ಟರ್. ಮಾತ್ರೆ ಕೊಡುವ ಡ್ಯೂಟಿ ಮಿತ್ರಳದು.

"ಎಲ್ಲಾ ಮಾತ್ರೆ ಚುಕ್ಕಿಗೇ ಹೋಯ್ತಾ?"

"ಎಲ್ಲಾ ಅಲ್ಲ, ಕರು ಹಾಕಿದ್ಮೇಲಿಂದು ಮಾತ್ರ. ಅವಳ ಕ್ಯಾಲ್ಸಿಯಂ ಬಾಟ್ಲಿ ಖಾಲಿಯಾಗೋಯ್ತು."

"ಅಷ್ಟು ದೊಡ್ಡ ಹಸುಗೆ ಇಷ್ಟು ಚಿಕ್ಕ ಮಾತ್ರೆನಾ? ಹಲ್ಲಿನ ಸಂದೀಗೂ ಸಾಲಲ್ಲ!"

"ಸಾಲ್ದಿದ್ರೂ ಕೊಡ್ಬೇಕು ಕಣೇ. ಹಾಲಿಗೆ ಬೇಕಾದ ಕ್ಯಾಲ್ಸಿಯಂ ಅವಳ ಮೂಳೆಯಿಂದ್ಲೇ ಹೋಗುತ್ತಂತೆ. ನಾವು ವಾಪಸ್ ಕೊಡ್ದಿದ್ರೆ ಬಿದ್ದೋಗ್ತಾಳೆ. ಹೋದ ಸಲ ಮೇಲೇಳ್ದೆ ಮಲಗಿರ್ಲಿಲ್ವಾ?"

ಮಿತ್ರ ಚುಕ್ಕಿಯಿಂದ ಅಜ್ಜಿಯತ್ತ ತಿರುಗಿದಳು.

"ಅಜ್ಜೀ, ನಿಂಗೆಷ್ಟು ಮಕ್ಕಳು?"

"ಐದು. ಯಾಕೆ?"

"ನಿಂಗೆ ಯಾರು ವಾಪಸ್ ಕೊಟ್ರು?"

ಅಜ್ಜಿ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. "ನನ್ನನ್ನೂ ಹಸೂನೂ ಒಂದೇ ಮಾಡ್ಬಿಟ್ಯಲ್ಲೇ, ತರ್ಲೆ!"

"ಚುಕ್ಕಿ ಬಾಟ್ಲಿ ಅಪ್ಪ ಸಂಜೆ ತರ್ತಾರೆ, ನಾನು ಹೇಳ್ತೀನಿ. ಈಗ ಆ ಅನ್ನು!"

ಮಿತ್ರ ಇನ್ನೊಂದು ಮಾತ್ರೆ ತಂದಳು. ಅಜ್ಜಿ ಬೇವಿನಕಾಯಿ ಕಚ್ಚಿದಂತೆ ಮುಖ ಮಾಡಿ ನುಂಗಿ, ನಾಲಿಗೆ ಚಾಚಿ ತೋರಿಸಿದಳು. ಚುಕ್ಕಿಯೂ ನಾಲಿಗೆ ಚಾಚಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನೆಲದ ಮೇಲೆ ಬಿದ್ದಿದ್ದ ಹಗ್ಗ ಕಾಲಿಗೆ ತೊಡರೀತೆಂದು ಮಿತ್ರ ಎತ್ತಿಕೊಂಡಳು. ಗೋಡೆಯಲ್ಲಿ ಎರಡು ಮೊಳೆಗಳಿದ್ದವು. ಮೇಲಿನದು ತುಕ್ಕು ಹಿಡಿದಿತ್ತು.

"ಎರಡ್ಯಾಕಜ್ಜಿ?"

"ಮೇಲಿಂದು ಹಳೇದು. ಆಗ ನಂಗೆ ಎಟುಕ್ತಿತ್ತು."

ಎರಡು ಮೊಳೆಗಳ ನಡುವೆ ಒಂದು ಗೇಣು ಅಂತರವಿತ್ತು. ಮಿತ್ರ ಬಾಗಿದ ಅಜ್ಜಿಯ ಬೆನ್ನನ್ನು ನೋಡಿದಳು. ಹಗ್ಗವನ್ನು ಕೆಳಗಿನ ಮೊಳೆಗೆ ಹಾಕಿದಳು. ಆಮೇಲೆ ಡೇರಿಗೆ ಹೊರಟಿದ್ದ ಹಾಲಿನ ಕ್ಯಾನಿನ ಮುಚ್ಚಳ ತೆಗೆದು, ಅಜ್ಜಿಯ ಲೋಟ ತಂದು ತುಂಬಿಸಿದಳು.

"ಲೇ, ಡೇರಿಗೆ ಕಮ್ಮಿಯಾಗುತ್ತೆ ಕಣೇ!"

"ಆಗ್ಲಿ ಬಿಡಜ್ಜಿ" ಎಂದು ಮಿತ್ರ ತನಗಾಗಿ ಇನ್ನೊಂದು ಲೋಟಕ್ಕೂ ಕೈ ಹಾಕಿದಳು.